ಗೇಟಿನಲ್ಲಿ ಚೆಕ್ಕಿಂಗ್ ಬರುವಾಗಲೋ, ಹೋಗುವಾಗಲೋ?

ನಮ್ಮ ಮಾತಿನಲ್ಲಿ ‘ಸೆಕ್ಯೂರಿಟಿ’ ಅಂದರೆ ಒಬ್ಬ ಮನುಷ್ಯ. ‘ಸೆಕ್ಯೂರಿಟಿ ಎಲ್ರೀ?’ ಅಂತ ಕೇಳಿದರೆ ‘ಟೀ ಕುಡಿಯೋಕೆ ಹೋದ್ರು’ ಅಂತ ಉತ್ತರ ಬರುತ್ತದೆ. ನೀಲಿ ಅಂಗಿ, ಒಂದು ಸೀಟಿ, ಪ್ಲಾಸ್ಟಿಕ್ ಕುರ್ಚಿ, ದಾರ ಕಟ್ಟಿದ ಪೆನ್ನು, ಅಂಚು ಮುದುಡಿದ ರಿಜಿಸ್ಟರ್. ಕಾರ್ಖಾನೆಯ ಕಾವಲು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಇಷ್ಟೇ.

ಕೆಲವು ವರ್ಷದ ಹಿಂದೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೋಗಿದ್ದೆ. ಒಳಗೆ ಹೋಗುವಾಗ ಹೆಸರು, ಫೋನ್ ನಂಬರ್, ‘ಯಾರನ್ನ ನೋಡ್ಬೇಕು ಸಾರ್?’ ಅಷ್ಟಕ್ಕೇ ಮುಗೀತು. ಸಂಜೆ ಹೊರಗೆ ಬರುವಾಗ ಸಿಕ್ಕಿಬಿದ್ದೆ. ‘ಬ್ಯಾಗ್ ತೆಗೀರಿ ಸಾರ್. ಲ್ಯಾಪ್‌ಟಾಪ್ ಬರುವಾಗ ಎಂಟ್ರಿ ಮಾಡ್ಸಿದ್ರಾ?’ ಮಾಡಿಸಿರಲಿಲ್ಲ. ನನ್ನ ಲ್ಯಾಪ್‌ಟಾಪ್ ನನ್ನದೇ ಅಂತ ಒಪ್ಪಿಸೋಕೆ ಅರ್ಧ ಗಂಟೆ ಹಿಡಿಯಿತು. ಸ್ಟೋರ್ಸಿನವರು ಬಂದು, ಅದರ ನಂಬರ್ ಬರೆದುಕೊಂಡು, ಗೇಟ್ ಪಾಸ್ ಕೊಟ್ಟ ಮೇಲೆಯೇ ಬಿಟ್ಟರು. ಆಮೇಲೊಮ್ಮೆ ಕರಾವಳಿ ಕಡೆ ಒಂದು ಪೆಟ್ರೋಲ್ ಡಿಪೋಗೆ ಹೋದಾಗ ಪೂರ್ತಿ ಉಲ್ಟಾ. ಒಳಗೆ ಬಿಡುವ ಮೊದಲೇ ಮೊಬೈಲು, ಬೆಂಕಿಪೊಟ್ಟಣ, ಲೈಟರ್ ಎಲ್ಲ ಒಪ್ಪಿಸಬೇಕು. ಜೇಬು ತಡವಿ ನೋಡಿದರು. ಹೊರಗೆ ಬರುವಾಗ ಟೋಕನ್ ಕೊಟ್ಟು ಫೋನ್ ತಗೊಂಡು ನಡೆದೆ. ಬ್ಯಾಗಿನ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ.

ಅವತ್ತಿನಿಂದ ನನಗೊಂದು ಚಟ. ಯಾವ ಕಾರ್ಖಾನೆಗೆ ಹೋದರೂ ಚೆಕ್ಕಿಂಗ್ ಯಾವ ಕಡೆ ಬಿಗಿ ಅಂತ ನೋಡುತ್ತೇನೆ. ಆ ಜಾಗ ಯಾವುದಕ್ಕೆ ಹೆದರುತ್ತದೆ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಹೋಗುವಾಗ ಬಿಗಿ ಇದ್ದರೆ ಒಳಗಿನ ಮಾಲು ಹೊರಗೆ ಹೋದೀತು ಅನ್ನುವ ಭಯ. ಬರುವಾಗ ಬಿಗಿ ಇದ್ದರೆ ಹೊರಗಿನದು ಏನೋ ಒಳಗೆ ಬಂದೀತು ಅನ್ನುವ ಭಯ. ಎರಡೂ ಕಡೆ ಬಿಗಿ ಇರುವ ಜಾಗಗಳೂ ಇವೆ. ಅವುಗಳ ಕಥೆ ಆಮೇಲೆ.

ಗೋಡೆಯ ಕೆಲಸ ತಡ ಮಾಡಿಸುವುದು

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಗೋಡೆ ಎತ್ತರ ಇದ್ದರೆ, ಬೀಗ ದಪ್ಪ ಇದ್ದರೆ ಕಳ್ಳ ಬರಲ್ಲ ಅಂತ ಅಂದುಕೊಳ್ಳುತ್ತೇವೆ. ಈ ಕೆಲಸದಲ್ಲಿ ಪಳಗಿದವರು ಹಾಗೆ ಹೇಳುವುದಿಲ್ಲ. ಸಮಯ ಕೊಟ್ಟರೆ ಯಾವ ಗೋಡೆಯನ್ನಾದರೂ ಹತ್ತಬಹುದು, ಯಾವ ಬೀಗವನ್ನಾದರೂ ಮುರಿಯಬಹುದು. ತಂತಿ ಜಾಲರಿಯ ಬೇಲಿ ಹತ್ತೋಕೆ ಚುರುಕಾದ ಹುಡುಗನಿಗೆ ಕೆಲವೇ ಸೆಕೆಂಡು ಸಾಕು. ಹಾಗಾಗಿ ಗೋಡೆ, ಬೇಲಿ, ಬೀಗ ಇವೆಲ್ಲ ಕಳ್ಳನಿಗೆ ತಡ ಮಾಡಿಸುವ ಸಾಧನಗಳು, ಅಷ್ಟೇ. ಹಾಗೆ ಉಳಿಸಿದ ನಿಮಿಷಗಳಲ್ಲಿ ಯಾರೋ ಒಬ್ಬರು ಅಲ್ಲಿಗೆ ಓಡಿ ಬರಬೇಕು.

ಒಂದು ಲೆಕ್ಕ ಹಾಕೋಣ. ಬೇಲಿ ಕತ್ತರಿಸೋಕೆ 1 ನಿಮಿಷ. ಅಂಗಳ ದಾಟೋಕೆ 1 ನಿಮಿಷ. ಸ್ಟೋರಿನ ಬೀಗ ಮುರಿಯೋಕೆ 4 ನಿಮಿಷ. ಮಾಲು ತುಂಬಿಕೊಂಡು ಓಡೋಕೆ 2 ನಿಮಿಷ. ಒಟ್ಟು 8 ನಿಮಿಷದ ಕೆಲಸ. ಅಲಾರಂ ಕೂಗಿದ ಮೇಲೆ ಕಾವಲಿನವರು ಬರೋಕೆ 5 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಅಲಾರಂ ಬೇಲಿಯಲ್ಲೇ ಇದ್ದರೆ ಕಳ್ಳ ಕತ್ತರಿ ಹಾಕಿದ ಕೂಡಲೇ ಕೂಗುತ್ತದೆ. ಅವನು ಬೀಗದ ಜೊತೆ ಗುದ್ದಾಡುತ್ತಿರುವಾಗಲೇ ಸಿಕ್ಕಿಬೀಳುತ್ತಾನೆ. ಅಲಾರಂ ಸ್ಟೋರಿನ ಬಾಗಿಲು ತೆರೆದಾಗ ಕೂಗುವ ಹಾಗಿದ್ದರೆ? ಉಳಿದಿರುವುದು 2 ನಿಮಿಷ. ಕಾವಲಿನವರು ಬರುವಷ್ಟರಲ್ಲಿ ಖಾಲಿ ಕಪಾಟು. ಗೋಡೆ ಅದೇ, ಬೀಗ ಅದೇ, ಜನ ಅವರೇ. ಅಲಾರಂ ಇಟ್ಟ ಜಾಗ ಮಾತ್ರ ಬೇರೆ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಪತ್ತೆಯಾಗುವ ಮೊದಲಿನ ತಡ ಲೆಕ್ಕಕ್ಕಿಲ್ಲ. ನೀವು ಹತ್ತಡಿ ಗೋಡೆ ಕಟ್ಟಿಸಿ, ಅದನ್ನು ಯಾರೂ ನೋಡದ ಹಿಂಭಾಗದಲ್ಲಿ ಬಿಟ್ಟರೆ ಕಳ್ಳ ಆರಾಮಾಗಿ ಏಣಿ ತಂದು ಹತ್ತುತ್ತಾನೆ. ಕ್ಯಾಮೆರಾದ ಕಥೆಯೂ ಹೀಗೆಯೇ. ಅದನ್ನು ಯಾರಾದರೂ ಕೂತು ನೋಡುತ್ತಿದ್ದರೆ ಅದು ಕಾವಲು. ಯಾರೂ ನೋಡದಿದ್ದರೆ ಅದು ಬೆಳಿಗ್ಗೆ ಪೊಲೀಸರಿಗೆ ಕೊಡೋಕೆ ಒಂದು ವಿಡಿಯೋ.

ಪತ್ತೆಯಾದರೂ ನಂಬದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಟೆನೆಸಿಯ ಓಕ್ ರಿಜ್‌ನಲ್ಲಿ ಒಂದು ಪ್ರಸಂಗ ನಡೆಯಿತು. ಅಲ್ಲಿನ ವೈ-12 ಅನ್ನುವ ಆವರಣದಲ್ಲಿ ಅಣುಬಾಂಬಿಗೆ ಬೇಕಾದ ದರ್ಜೆಯ ಯುರೇನಿಯಂ ಇಟ್ಟಿದ್ದಾರೆ. 2012ರ ಜುಲೈ 28ರ ನಸುಕಿನಲ್ಲಿ ಮೂರು ಜನ ಶಾಂತಿ ಹೋರಾಟಗಾರರು ಬೇಲಿಗಳನ್ನು ಕತ್ತರಿಸಿಕೊಂಡು ಆ ಯುರೇನಿಯಂ ಕಟ್ಟಡದ ಗೋಡೆಯವರೆಗೂ ಹೋದರು. ಅವರಲ್ಲಿ ಒಬ್ಬರು ಮೇಗನ್ ರೈಸ್ ಅನ್ನುವ ಕ್ರೈಸ್ತ ಸನ್ಯಾಸಿನಿ. ವಯಸ್ಸು 82! ಗೋಡೆಗೆ ಬಣ್ಣ ಬಳಿದರು, ಬ್ಯಾನರ್ ಕಟ್ಟಿದರು. ಕಾವಲಿನವನು ಬಂದಾಗ ಅವನಿಗೆ ಬ್ರೆಡ್ ಕೊಡೋಕೆ ಹೋದರು. ಆಮೇಲೆ ವಿಚಾರಣೆ ಮಾಡಿದಾಗ ಗೊತ್ತಾದದ್ದು ನಮ್ಮೂರಿನ ಕಥೆಯ ಹಾಗೇ ಇದೆ. ಒಂದು ಮುಖ್ಯ ಕ್ಯಾಮೆರಾ ತಿಂಗಳುಗಟ್ಟಲೆ ಕೆಟ್ಟು ಕೂತಿತ್ತು. ಅಲಾರಂ ಕೂಗಿತ್ತು, ಆದರೆ ಅದು ಪ್ರಾಣಿಗೂ ಗಾಳಿಗೂ ದಿನವಿಡೀ ಕೂಗುತ್ತಿದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಗತಿ ಯಂತ್ರಕ್ಕೂ ಬರುತ್ತದೆ.

ಹೊರಗೆ ಹೋಗದ ಹಾಗೆ

ಈಗ ಗೇಟಿಗೆ ವಾಪಸ್ ಬರೋಣ. ಮಾಲು ಹೊರಗೆ ಹೋದೀತು ಅನ್ನುವ ಭಯಕ್ಕೆ ಚಿನ್ನದ ಗಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಚಿನ್ನದ ಗಣಿ ಅಂದ ಕೂಡಲೇ ಸುರಂಗದ ಬಾಯಲ್ಲಿ ಬಂದೂಕು ಹಿಡಿದವರು ನಿಂತಿರುತ್ತಾರೆ ಅಂತ ನಮ್ಮ ಕಲ್ಪನೆ. ಆದರೆ ಒಂದು ಟನ್ ಅದಿರಿನಲ್ಲಿ ಇರುವ ಚಿನ್ನ ಕೆಲವೇ ಗ್ರಾಂ. ಒಂದು ಸಣ್ಣ ಉಂಗುರದಷ್ಟು ಚಿನ್ನಕ್ಕೆ ಒಂದು ಟ್ರಾಕ್ಟರ್ ಲೋಡ್ ಕಲ್ಲು ಹೊತ್ತುಕೊಂಡು ಹೋಗುವ ಕಳ್ಳ ಯಾರು? ಅದಿರಿನ ಗುಡ್ಡೆಗೆ ಕಾವಲು ಕಾಯುವ ಅಗತ್ಯ ಅಷ್ಟಾಗಿ ಇಲ್ಲ.

ಆ ಕಲ್ಲನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ, ಮತ್ತೆ ಹೊರಗೆ ತೆಗೆದು, ಕೊನೆಗೆ ಕುಲುಮೆಯಲ್ಲಿ ಗಟ್ಟಿ ಮಾಡುತ್ತಾರೆ. ಹೀಗೆ ಒಂದೊಂದು ಹಂತ ದಾಟಿದಂತೆಲ್ಲ ಗಾತ್ರ ಕಡಿಮೆಯಾಗುತ್ತದೆ, ಬೆಲೆ ಜಾಸ್ತಿಯಾಗುತ್ತದೆ. ಶುರುವಿನಲ್ಲಿ ಲಾರಿ ಬೇಕಿದ್ದ ಮಾಲು ಕೊನೆಯಲ್ಲಿ ಜೇಬಿನಲ್ಲಿ ಹಿಡಿಸುತ್ತದೆ. ಕಾವಲೂ ಹಾಗೆಯೇ ಗಟ್ಟಿಯಾಗುತ್ತಾ ಹೋಗಬೇಕು. ಕೊನೆಯ ಕೋಣೆಗೆ ಬೆರಳೆಣಿಕೆಯ ಜನ, ಪ್ರತಿ ಹಂತಕ್ಕೂ ತೂಕ, ಪ್ರತಿ ತೂಕಕ್ಕೂ ಎರಡು ಸಹಿ. ಯಾವ ಕಾರ್ಖಾನೆಯಲ್ಲಾದರೂ ಈ ಪ್ರಶ್ನೆ ಕೇಳಬಹುದು: ಇಲ್ಲಿ ಮಾಲು ಯಾವ ಹಂತದಲ್ಲಿ ಜೇಬಿಗೆ ಹಿಡಿಸುತ್ತದೆ? ಮೊಬೈಲ್ ಜೋಡಿಸುವ ಕಡೆ ಅದು ಚಿಪ್ ಬರುವ ಪೆಟ್ಟಿಗೆ. ಔಷಧಿ ಕಂಪನಿಯಲ್ಲಿ ಮಾತ್ರೆಗೆ ಹಾಕುವ ಮೂಲ ಪುಡಿ. ಗಂಧದೆಣ್ಣೆ ತೆಗೆಯುವ ಕಡೆ ಮರದ ಕೊರಡಿಗಿಂತ ಎಣ್ಣೆಯ ಬಾಟಲಿ.

ಭಾರದ ಮಾಲಿನ ಕಳ್ಳತನದ ದಾರಿ ಬೇರೆ. ಕಬ್ಬಿಣದ ಕಾರ್ಖಾನೆಯಿಂದ ಯಾರೂ ಬ್ಯಾಗಿನಲ್ಲಿ ಕಬ್ಬಿಣ ಸಾಗಿಸುವುದಿಲ್ಲ. ಅದು ಲಾರಿಯಲ್ಲಿ, ಗೇಟ್ ಪಾಸ್ ಸಮೇತ, ಸೆಕ್ಯೂರಿಟಿಯ ಸಲಾಂ ತಗೊಂಡೇ ಹೋಗುತ್ತದೆ. ಸ್ಕ್ರಾಪ್ ಲಾರಿಯನ್ನೇ ನೋಡಿ. ಖಾಲಿ ಲಾರಿ ಬಂದಾಗ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಮಾಡುತ್ತಾರೆ. ತುಂಬಿದ ಮೇಲೆ ಇನ್ನೊಮ್ಮೆ ತೂಕ. ಎರಡರ ವ್ಯತ್ಯಾಸಕ್ಕೆ ಬಿಲ್ಲು. ಖಾಲಿ ತೂಕದ ಹೊತ್ತಿಗೆ ಲಾರಿಯ ಸೀಟಿನ ಕೆಳಗೆ ನಾಲ್ಕು ಚೀಲ ಮರಳು ಇದ್ದು, ಒಳಗೆ ಹೋದ ಮೇಲೆ ಅದನ್ನು ಎಲ್ಲೋ ಸುರಿದರೆ? ಅಷ್ಟು ತೂಕದ ಸ್ಕ್ರಾಪ್ ಪುಕ್ಕಟೆ. ಅನುಭವ ಇರುವ ಗೇಟಿನವರು ಅದಕ್ಕೇ ಡ್ರೈವರನ್ನೂ ಕ್ಲೀನರನ್ನೂ ಕೆಳಗಿಳಿಸುತ್ತಾರೆ. ಸೀಟು ಎತ್ತಿ ನೋಡುತ್ತಾರೆ. ಅದೇ ನಂಬರಿನ ಲಾರಿ ಹೋದ ತಿಂಗಳು ಖಾಲಿ ಎಷ್ಟು ತೂಗಿತ್ತು ಅಂತ ಹಳೇ ಪುಟ ತಿರುವುತ್ತಾರೆ. ಇಲ್ಲಿ ಬೇಲಿಯ ಎತ್ತರಕ್ಕಿಂತ ಆ ಹಳೇ ಪುಟಕ್ಕೆ ಬೆಲೆ ಜಾಸ್ತಿ.

ಆಮೇಲೆ ಗಾರ್ಮೆಂಟ್ಸ್. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಪೀಣ್ಯದ ಕಡೆ ಹೋಗಿ ನಿಂತರೆ ಕಾಣುತ್ತದೆ. ಸಾಲಾಗಿ ನೂರಾರು ಹೆಣ್ಣುಮಕ್ಕಳು. ಊಟದ ಡಬ್ಬಿಯ ಬ್ಯಾಗಿನ ಬಾಯಿ ತೆರೆದು ಹಿಡಿದಿರುತ್ತಾರೆ. ಲೇಡಿ ಗಾರ್ಡ್ ಒಳಗೆ ಕೈಯಾಡಿಸಿ ‘ಹೂಂ, ನಡೀರಿ’ ಅಂತಾಳೆ. ಬಸ್ಸು ತಪ್ಪಿಹೋಗುವ ಆತುರ ಎಲ್ಲರ ಮುಖದಲ್ಲೂ ಇರುತ್ತದೆ. ಒಂದು ಶರ್ಟಿಗೋಸ್ಕರ ಇಷ್ಟು ಜನರನ್ನು ದಿನಾ ಕಳ್ಳರ ಹಾಗೆ ನೋಡಬೇಕಾ ಅಂತ ನನಗೆ ಪ್ರತಿಸಲ ಅನ್ನಿಸುತ್ತದೆ. ಆದರೆ ಈ ಚೆಕ್ಕಿಂಗಿನ ಅಪಾಯ ಅವಮಾನಕ್ಕಷ್ಟೇ ನಿಲ್ಲುವುದಿಲ್ಲ. ಎಲ್ಲರನ್ನೂ ತಪಾಸಣೆ ಮಾಡಬೇಕಾದರೆ ಎಲ್ಲರೂ ಒಂದೇ ಬಾಗಿಲಿನಿಂದ ಹೋಗಬೇಕು. ಎಲ್ಲರೂ ಒಂದೇ ಬಾಗಿಲಿನಿಂದ ಹೋಗಬೇಕಾದರೆ ಉಳಿದ ಬಾಗಿಲು ಮುಚ್ಚಿರಬೇಕು.

ಬೀಗ ಹಾಕಿದ ಬಾಗಿಲು

ಕನ್ನಡದಲ್ಲಿ ಸುರಕ್ಷತೆ, ಭದ್ರತೆ ಎರಡನ್ನೂ ಒಂದೇ ಅನ್ನುವ ಹಾಗೆ ಬಳಸುತ್ತೇವೆ. ಕಾರ್ಖಾನೆಯಲ್ಲಿ ಇವೆರಡೂ ಆಗಾಗ ಜಗಳಕ್ಕೆ ಬೀಳುತ್ತವೆ. ಸುರಕ್ಷತೆ ನೋಡಿಕೊಳ್ಳುವವರು ‘ಬಾಗಿಲು ತೆರೆದಿರಲಿ, ಬೆಂಕಿ ಬಿದ್ದರೆ ಜನ ಓಡಬೇಕು’ ಅನ್ನುತ್ತಾರೆ. ಭದ್ರತೆಯವರು ‘ಮುಚ್ಚಿರಲಿ, ಮಾಲು ಹೋಗುತ್ತದೆ’ ಅನ್ನುತ್ತಾರೆ. ಈ ಜಗಳದಲ್ಲಿ ಬೀಗ ಗೆದ್ದಾಗಲೆಲ್ಲ ಏನಾಗಿದೆ ಅನ್ನುವುದು ದಾಖಲೆಯಲ್ಲಿದೆ.

1911ರ ಮಾರ್ಚ್ 25. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆ, ಹತ್ತು ಮಹಡಿ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿತ್ತು. ಸಂಜೆ ಹುಡುಗಿಯರು ಹೋಗುವಾಗ ಪರ್ಸ್ ಚೆಕ್ ಮಾಡುವ ಪದ್ಧತಿ. ಅದಕ್ಕಾಗಿ ಒಂದು ಕಡೆಯ ಮೆಟ್ಟಿಲಿನ ಬಾಗಿಲಿಗೆ ಬೀಗ. ಬೆಂಕಿ ಬಿದ್ದಾಗ ಸತ್ತವರು 146 ಜನ. ಜಾಸ್ತಿ ಮಂದಿ ವಲಸೆ ಬಂದ ಎಳೆಯ ಹುಡುಗಿಯರು. ಕೋರ್ಟಿನಲ್ಲಿ ಮಾಲೀಕನನ್ನು ಕಳುವಾದ ಮಾಲಿನ ಬೆಲೆ ಎಷ್ಟು ಅಂತ ಕೇಳಿದರು. 25 ಡಾಲರ್ ಕೂಡ ದಾಟಲ್ಲ ಅಂತ ಅವನೇ ಒಪ್ಪಿಕೊಂಡ.

ನೂರು ವರ್ಷ ಕಳೆಯಿತು. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ ಕಾರ್ಖಾನೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಬಾಗಿಲಿಗೆ ಬೀಗ, ಕಿಟಕಿಗೆ ಕಬ್ಬಿಣದ ಸರಳು. ಅದು ಹಫ್ತಾ ಕೊಡದ್ದಕ್ಕೆ ಬೇಕಂತಲೇ ಹಚ್ಚಿದ ಬೆಂಕಿ ಅಂತ 2020ರಲ್ಲಿ ಅಲ್ಲಿನ ಕೋರ್ಟ್ ತೀರ್ಪು ಕೊಟ್ಟಿತು. ಅಂದರೆ ಸರಳೂ ಬೀಗವೂ ಬೆಂಕಿ ಇಟ್ಟವರನ್ನು ತಡೆಯಲಿಲ್ಲ, ಒಳಗಿದ್ದವರನ್ನು ತಡೆದವು. ಅದೇ ವರ್ಷ ನವೆಂಬರ್ 24ರಂದು ಢಾಕಾ ಹತ್ತಿರದ ತಜ್ರೀನ್ ಫ್ಯಾಷನ್ಸ್‌ನಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ. ಅಲ್ಲೂ ಬೀಗ ಹಾಕಿದ ಗೇಟುಗಳ ಕಥೆಯೇ.

ಜನ ಒಳಗೆ ಕೆಲಸ ಮಾಡುತ್ತಿರುವಾಗ ಹೊರಗೆ ಹೋಗುವ ದಾರಿಗೆ ಬೀಗ ಹಾಕುವಂತಿಲ್ಲ ಅನ್ನುವುದು ನಮ್ಮ ಕಾರ್ಖಾನೆ ಕಾನೂನಿನಲ್ಲಿ ಹಳೆಯ ಮಾತು. ಮಾಲೂ ಉಳಿಯಬೇಕು, ಜನವೂ ಉಳಿಯಬೇಕು ಅಂದರೆ ದಾರಿ ಇಲ್ಲವಾ? ಇದೆ, ಅದೂ ಬಹಳ ಸುಲಭದ್ದು. ಬಾಗಿಲ ಒಳಮೈಗೆ ಸೊಂಟದೆತ್ತರದಲ್ಲಿ ಒಂದು ಅಡ್ಡಪಟ್ಟಿ. ಪ್ಯಾನಿಕ್ ಬಾರ್ ಅನ್ನುತ್ತಾರೆ, ಮಾಲ್‌ಗಳಲ್ಲಿ ನೋಡಿರುತ್ತೀರಿ. ಒಳಗಿನಿಂದ ಮೈಯಿಂದ ತಳ್ಳಿದರೂ ತೆರೆಯುತ್ತದೆ. ಹೊರಗಿನಿಂದ ತೆರೆಯೋಕೆ ಆಗಲ್ಲ. ತೆರೆದ ಕೂಡಲೇ ಗೇಟಿನಲ್ಲಿ ಅಲಾರಂ ಕೂಗುತ್ತದೆ. ಕಳ್ಳ ಆ ಬಾಗಿಲು ಬಳಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೆಂಕಿ ಬಿದ್ದರೆ ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕುವ ಗೋಳಿಲ್ಲ. ಇಷ್ಟಿದ್ದೂ ತುರ್ತು ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿರುವುದನ್ನು ನಾನೇ ನೋಡಿದ್ದೇನೆ. ಎದುರಿಗೆ ರಟ್ಟಿನ ಪೆಟ್ಟಿಗೆಗಳ ರಾಶಿ ಬೇರೆ.

ಒಳಗೆ ಬರದ ಹಾಗೆ

ಪೆಟ್ರೋಲ್ ಡಿಪೋ, ರಿಫೈನರಿ, ರಾಸಾಯನಿಕ ಕಾರ್ಖಾನೆ ಇವುಗಳ ಚಿಂತೆ ಬೇರೆ. ರಿಫೈನರಿಯಿಂದ ಒಬ್ಬ ಒಂದು ಲೀಟರ್ ಕದ್ದರೆ ಮುಳುಗಿಹೋಗುವುದೇನಿಲ್ಲ. ಒಂದು ಕಿಡಿ ಒಳಗೆ ಬಂದರೆ ಮಾತ್ರ ಎಲ್ಲ ಮುಗಿಯಿತು. ಹಾಗಾಗಿ ಒಳಗೆ ಬರುವ ಲಾರಿಯ ಸೈಲೆನ್ಸರ್ ತುದಿಗೆ ಕಿಡಿ ಹಿಡಿಯುವ ಜಾಲರಿ ಇರಲೇಬೇಕು. ಇಲ್ಲದಿದ್ದರೆ ಗೇಟಿನಲ್ಲೇ ವಾಪಸ್. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಂಥ ಕಡೆ ಕಾವಲು ಸಿಐಎಸ್ಎಫ್, ಅಂದರೆ ಕೇಂದ್ರ ಸರ್ಕಾರದ ಕೈಗಾರಿಕಾ ಭದ್ರತಾ ಪಡೆಯ ಕೈಯಲ್ಲಿದೆ.

ರಾಸಾಯನಿಕ ಕಾರ್ಖಾನೆಗಳಲ್ಲಿ ಒಂದು ಚಿಕ್ಕ ವಸ್ತು ಗಮನಿಸಿ. ಎತ್ತರದ ಕಂಬದ ಮೇಲೆ ಕೆಂಪು ಬಿಳಿ ಪಟ್ಟೆಯ ಬಟ್ಟೆ ಚೀಲ ಗಾಳಿಗೆ ಹಾರಾಡುತ್ತಿರುತ್ತದೆ. ಅನಿಲ ಸೋರಿದರೆ ಯಾವ ಕಡೆ ಓಡಬೇಕು ಅಂತ ಹೇಳುವುದು ಆ ಚೀಲ. ಗಾಳಿ ಬೀಸುವ ದಿಕ್ಕಿಗೆ ಓಡಿದರೆ ಅನಿಲವೂ ಜೊತೆಗೇ ಬರುತ್ತದೆ. ಗಾಳಿಗೆ ಅಡ್ಡವಾಗಿಯೋ ಎದುರಾಗಿಯೋ ಹೋಗಬೇಕು. ಅಂಥ ಹೊತ್ತಿನಲ್ಲಿ ಗೇಟಿನ ಗಾರ್ಡ್‌ಗೆ ಅದನ್ನು ನೋಡಿ ಯಾವ ಗೇಟು ತೆರೆಯಬೇಕು ಅನ್ನುವುದು ಗೊತ್ತಿರಬೇಕು. ಬೂಮ್ ಬ್ಯಾರಿಯರ್ ಎತ್ತೋದು ಇಳಿಸೋದು ಮಾತ್ರ ಕಲಿಸಿದರೆ ಸಾಲದು.

ಸಿಡಿಮದ್ದಿನ ಉಗ್ರಾಣ ಇನ್ನೂ ಪೇಚಿನದು. ಕಲ್ಲು ಕ್ವಾರಿಗಳಿಗೆ ಬೇಕಾದ ಜಿಲೆಟಿನ್, ಡಿಟೋನೇಟರ್ ಇಡುವ ಜಾಗ. ಎರಡನ್ನೂ ಒಟ್ಟಿಗೆ ಇಡುವಂತಿಲ್ಲ. ಸುತ್ತ ಮಣ್ಣಿನ ದಿಬ್ಬ, ಸಿಡಿಲು ತಡೆಯುವ ಸಲಾಕೆ, ಒಂದೊಂದು ಕಡ್ಡಿಗೂ ಲೆಕ್ಕ. ಸಿಡಿದರೆ ಜನಕ್ಕೆ ಅಪಾಯ ಆಗಬಾರದು ಅಂತ ಊರಿಂದ ದೂರ ಇಡಬೇಕು. ಊರಿಂದ ದೂರ ಇಟ್ಟರೆ ಕಣ್ಣಿಡುವವರು ಯಾರು? ಇಲ್ಲೂ ಅದೇ ಸುರಕ್ಷತೆ, ಭದ್ರತೆಯ ಜಗಳ. ಅದಕ್ಕೇ ಅಲ್ಲಿ ರಾತ್ರಿ ಹಗಲು ಕಾವಲು ಬೇಕು. ಉಗ್ರಾಣದಷ್ಟೇ ಅದರಿಂದ ಹೊರಟ ಗಾಡಿಯೂ ಮುಖ್ಯ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಸಿಡಿಮದ್ದು ತುಂಬಿದ ಲಾರಿ ಸ್ಫೋಟಗೊಂಡಾಗ ಅಕ್ಕಪಕ್ಕದ ಜಿಲ್ಲೆಯವರೂ ಭೂಕಂಪ ಅಂದುಕೊಂಡು ಮನೆಯಿಂದ ಹೊರಗೆ ಓಡಿ ಬಂದಿದ್ದರು.

ಬೇಲಿಯನ್ನೇ ನಂಬಿಕೊಂಡರೆ ಆಗುವ ಮೋಸಕ್ಕೆ ವಿದ್ಯುತ್ ಸಬ್‌ಸ್ಟೇಷನ್ ಸಾಕ್ಷಿ. ನಮ್ಮ ಕಡೆ ಸಬ್‌ಸ್ಟೇಷನ್ ಅಂದರೆ ತಂತಿ ಬೇಲಿ, ಜಲ್ಲಿಕಲ್ಲು ಹಾಸಿದ ಅಂಗಳ, ಒಳಗೆ ಗುಂಯ್ ಅನ್ನುವ ಟ್ರಾನ್ಸ್‌ಫಾರ್ಮರ್. ಹೊಲದ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ತಾಮ್ರ ಮಾರುವ ಕಳ್ಳರಿಂದ ಹಿಡಿದು ಎಲ್ಲರ ಕಣ್ಣೂ ಅಲ್ಲಿನ ತಾಮ್ರದ ಮೇಲೆ. ಅದಕ್ಕೆ ಬೇಲಿ ಸಾಕು. ಆದರೆ 2013ರ ಏಪ್ರಿಲ್ 16ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರದ ಮೆಟ್‌ಕಾಫ್ ಸಬ್‌ಸ್ಟೇಷನ್ನಿಗೆ ಬಂದವರು ಬೇಲಿ ಮುಟ್ಟಲೇ ಇಲ್ಲ. ಮೊದಲು ನೆಲದಡಿಯ ಫೋನ್ ಕೇಬಲ್ ಕತ್ತರಿಸಿದರು. ಆಮೇಲೆ ಹೊರಗೇ ನಿಂತು ರೈಫಲ್‌ನಿಂದ ನೂರಕ್ಕೂ ಹೆಚ್ಚು ಗುಂಡು ಹಾರಿಸಿದರು. ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆ ಸೋರಿಹೋಗಿ, ಕಾದು, 17 ಟ್ರಾನ್ಸ್‌ಫಾರ್ಮರ್ ಕೆಟ್ಟುಹೋದವು.

ವಿದ್ಯುತ್ತನ್ನು ಬೇರೆ ದಾರಿಯಿಂದ ತಿರುಗಿಸಿದ್ದರಿಂದ ಊರು ಕತ್ತಲಾಗಲಿಲ್ಲ. ಆದರೆ ಅಲ್ಲಿಯವರೆಗಿನ ಲೆಕ್ಕಾಚಾರ ತಲೆಕೆಳಗಾಯಿತು. ಆ ಕ್ಯಾಮೆರಾಗಳೆಲ್ಲ ಒಳಗಿನ ಅಂಗಳ ನೋಡುತ್ತಿದ್ದವು, ಗುಂಡು ಹಾರಿದ್ದು ಹೊರಗಿನ ಕತ್ತಲಿನಿಂದ. ಆಮೇಲೆ ಅಮೆರಿಕದಲ್ಲಿ ಮುಖ್ಯ ಸಬ್‌ಸ್ಟೇಷನ್ನುಗಳ ಕಾವಲಿಗೇ ಹೊಸ ನಿಯಮ ಬಂತು. ಬೇಲಿಯ ಬದಲು ಗಟ್ಟಿ ಗೋಡೆ ಎದ್ದಿತು. ದೊಡ್ಡ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವ ಮಾಲಲ್ಲ. ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಒಂದು ಸ್ಪೇರ್ ಇಟ್ಟುಕೊಳ್ಳುವುದೂ ಕಾವಲಿನ ಲೆಕ್ಕಕ್ಕೇ ಸೇರುತ್ತದೆ.

ಅಣೆಕಟ್ಟಿಗಂತೂ ಬೇಲಿಯ ಮಾತೇ ಇಲ್ಲ. ಕೆಆರ್‌ಎಸ್ ಮೇಲೆ ಮೊದಲಿನ ಹಾಗೆ ಓಡಾಡೋಕೆ ಬಿಡುವುದಿಲ್ಲ, ರಾಜ್ಯದ ಕೈಗಾರಿಕಾ ಭದ್ರತಾ ಪಡೆಯವರು ಕಾಯುತ್ತಾರೆ. ಆದರೆ ಆ ಕಟ್ಟೆಯ ಬಗ್ಗೆ ನಡೆದಿರುವ ದೊಡ್ಡ ವಾದ ಗೇಟಿನಲ್ಲಿ ಯಾರು ಬಂದರು ಅನ್ನುವುದರ ಬಗ್ಗೆ ಅಲ್ಲ. ಬೇಬಿ ಬೆಟ್ಟದ ಕಡೆ ಕಲ್ಲು ಸಿಡಿಸುವುದರ ಬಗ್ಗೆ. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿಲ್ಲಿಸಲು ಹೇಳಿತು. ಇಂಥ ಕಡೆ ಕಾಂಪೌಂಡ್ ಅನ್ನುವುದು ಕಿಲೋಮೀಟರುಗಟ್ಟಲೆ ಆಚೆ ಇರುತ್ತದೆ.

ಎರಡೂ ಕಡೆ ಬಿಗಿ

ಬರುವಾಗಲೂ ಬಿಗಿ, ಹೋಗುವಾಗಲೂ ಬಿಗಿ ಇರುವ ಜಾಗ ಕಡಿಮೆ. ಮೈಸೂರಿನ ನೋಟು ಮುದ್ರಣಾಲಯ ಅಂಥದ್ದು. ಅಲ್ಲಿ ಒಳ್ಳೆಯ ನೋಟಿನಷ್ಟೇ ಕೆಟ್ಟು ಹೋದ ಹಾಳೆಗೂ ಲೆಕ್ಕ ಕೊಡಬೇಕು. ಡೇಟಾ ಸೆಂಟರ್ ಕೂಡ ಈ ಗುಂಪಿನದೇ. ಹೊರಗಿನಿಂದ ನೋಡಿದರೆ ಕಿಟಕಿ ಇಲ್ಲದ ಗೋದಾಮು, ಬೋರ್ಡೂ ಇರುವುದಿಲ್ಲ. ಒಳಗೆ ಹೋಗುವಾಗ ಎರಡು ಬಾಗಿಲಿನ ನಡುವೆ ಒಂದು ಪುಟ್ಟ ಕೋಣೆ. ಹಿಂದಿನ ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದು ತೆರೆಯುವುದು. ಒಬ್ಬರ ಕಾರ್ಡಿಗೆ ಒಬ್ಬರೇ. ನಮ್ಮಲ್ಲಿ ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲುವುದು ಒಳ್ಳೆಯ ನಡತೆ, ಅಲ್ವಾ? ಆ ಒಳ್ಳೆಯ ನಡತೆಯೇ ಆಫೀಸುಗಳಲ್ಲಿ ಕಳ್ಳರು ಬಳಸುವ ದೊಡ್ಡ ದಾರಿ. ಹಿಂದೆ ಬಂದವರಿಗೆ ‘ಬೇಡ’ ಅನ್ನುವ ಮುಜುಗರವನ್ನು ಈ ಕೋಣೆ ತಪ್ಪಿಸುತ್ತದೆ. ಕೆಟ್ಟು ಹೋದ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕದೆ ಅಲ್ಲೇ ಪುಡಿ ಮಾಡುವುದು ರೂಢಿ.

ಎಲ್ಲಕ್ಕಿಂತ ಬಿಗಿ ಅಂದರೆ ಕೈಗಾ. ಉತ್ತರ ಕನ್ನಡದ ಕಾಡಿನಲ್ಲಿ, ಕಾಳಿ ನದಿ ದಂಡೆಯಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ. ಈರುಳ್ಳಿಯ ಸಿಪ್ಪೆಯ ಹಾಗೆ ಒಂದರೊಳಗೊಂದು ಆವರಣ. ಒಳಗೆ ಹೋದಂತೆಲ್ಲ ಪಾಸು ಬೇರೆ, ಜನ ಕಡಿಮೆ. ಹೊರಗೆ ಬರುವಾಗ ಮೈಮೇಲೆ ವಿಕಿರಣದ ಧೂಳು ಅಂಟಿದೆಯಾ ಅಂತ ಯಂತ್ರದ ಎದುರು ನಿಲ್ಲಬೇಕು. ಬಂದೂಕು ಹಿಡಿದ ಸಿಐಎಸ್ಎಫ್ ಬೇರೆ.

ಇಷ್ಟೆಲ್ಲ ಇದ್ದೂ 2009ರ ನವೆಂಬರಿನಲ್ಲಿ ಅಲ್ಲಿನ ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರೀಷಿಯಂ ಜಾಸ್ತಿ ಕಂಡಿತು. ಟ್ರೀಷಿಯಂ ಅಂದರೆ ವಿಕಿರಣ ಸೂಸುವ ಹೈಡ್ರೋಜನ್, ರಿಯಾಕ್ಟರಿನ ಭಾರಜಲದಲ್ಲಿ ಇರುತ್ತದೆ. ಐವತ್ತಕ್ಕೂ ಹೆಚ್ಚು ಜನರ ಮೈಗೆ ಅದು ಸೇರಿತ್ತು. ಎಲ್ಲೂ ಸೋರಿಕೆ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ನೌಕರರು ನೀರು ಕುಡಿಯುವ ಒಂದು ವಾಟರ್ ಕೂಲರ್. ಯಾರೋ ಬೇಕಂತಲೇ ಅದರಲ್ಲಿ ಬೆರೆಸಿದ್ದರು. ಆ ‘ಯಾರೋ’ ಕಾಡು ದಾಟಿ ಬೇಲಿ ಹಾರಿ ಬಂದವರಾಗಿರಲಿಕ್ಕಿಲ್ಲ. ಎಲ್ಲ ಸಿಪ್ಪೆ ದಾಟಿ, ಪಾಸು ತೋರಿಸಿಕೊಂಡೇ ಬಂದಿರಬೇಕು. ರಿಯಾಕ್ಟರಿಗೆ ಅಷ್ಟು ಕಾವಲು ಹಾಕಿದವರಿಗೆ ಕೂಲರಿನ ಮುಚ್ಚಳಕ್ಕೂ ಕಾವಲು ಬೇಕು ಅಂತ ಹೊಳೆದಿರಲಿಲ್ಲ. ಪತ್ತೆ ಹಚ್ಚಿದ್ದೂ ಬಂದೂಕಲ್ಲ, ಕ್ಯಾಮೆರಾ ಅಲ್ಲ. ಮಾಮೂಲಿ ಮೂತ್ರ ಪರೀಕ್ಷೆ.

ಒಳಗಿನವರ ವಿಷಯ ಬಂದಾಗ ನರಸಾಪುರ ನೆನಪಾಗದೆ ಇರುವುದಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಕೋಲಾರ ಜಿಲ್ಲೆಯ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಿಟ್ಟಿಗೆದ್ದು ಗಾಜು, ಕ್ಯಾಮೆರಾ, ಗಾಡಿ ಎಲ್ಲ ಒಡೆದರು. ಸಂಬಳ, ಓವರ್‌ಟೈಮ್, ಹಾಜರಿಯ ಲೆಕ್ಕ ಸರಿ ಇಲ್ಲ ಅನ್ನುವುದು ದೂರು. ಮೊದಲು ನಷ್ಟ 437 ಕೋಟಿ ಅಂತ ಸುದ್ದಿಯಾಯಿತು, ಆಮೇಲೆ ಕಂಪನಿಯೇ ಅದಕ್ಕಿಂತ ಬಹಳ ಕಡಿಮೆ ಅಂದಿತು. ಕಾರ್ಮಿಕರ ಸಂಬಳದ ವಿಷಯದಲ್ಲಿ ತಪ್ಪಾಗಿದೆ ಅಂತ ಒಪ್ಪಿಕೊಂಡು ಕ್ಷಮೆಯನ್ನೂ ಕೇಳಿತು. ಫೋನು ಹೊರಗೆ ಹೋಗದ ಹಾಗೆ ಕಟ್ಟಿದ ಏರ್ಪಾಡು ಅದು. ಅಲ್ಲಿ ತಡೆಯಬೇಕಿದ್ದ ತಪ್ಪು ಮಾತ್ರ ಹಾಜರಿ ಯಂತ್ರದಲ್ಲೂ ಸಂಬಳದ ಚೀಟಿಯಲ್ಲೂ ಕೂತಿತ್ತು.

ಕುರ್ಚಿಯ ಮೇಲಿನ ಮನುಷ್ಯ

ಇವೆಲ್ಲವನ್ನೂ ಕಾಯುವವರು ಯಾರು? 1964ರಲ್ಲಿ ರಾಂಚಿಯ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್ನಿನಲ್ಲಿ ದೊಡ್ಡ ಬೆಂಕಿ ಬಿತ್ತು. ಸರ್ಕಾರಿ ಕಾರ್ಖಾನೆಗಳಿಗೆ ಪ್ರತ್ಯೇಕ ಪಡೆ ಬೇಕು ಅನ್ನುವ ಮಾತು ಅಲ್ಲಿಂದ ಬಲವಾಯಿತು. 1969ರ ಮಾರ್ಚ್ 10ರಂದು ಸಿಐಎಸ್ಎಫ್ ಹುಟ್ಟಿತು. 2008ರ ಮುಂಬೈ ದಾಳಿ ಆದ ಮೇಲೆ, ದುಡ್ಡು ಕೊಟ್ಟರೆ ಖಾಸಗಿಯವರಿಗೂ ಈ ಪಡೆ ಕೊಡಬಹುದು ಅಂತ ಕಾನೂನು ತಿದ್ದಿದರು. 2009ರಲ್ಲಿ ಮೊದಲು ಪಡೆದದ್ದು ಬೆಂಗಳೂರಿನ ಇನ್ಫೋಸಿಸ್ ಕ್ಯಾಂಪಸ್.

ಉಳಿದ ಲಕ್ಷಾಂತರ ಗೇಟುಗಳಲ್ಲಿ ಕೂತಿರುವುದು ಏಜೆನ್ಸಿ ಗಾರ್ಡುಗಳು. ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳ ಬಗೆಗಿನ 2005ರ ಕಾನೂನಿನಡಿ ಬಂದ ನಿಯಮದಂತೆ ಅವರಿಗೆ 100 ಗಂಟೆ ಪಾಠ, 60 ಗಂಟೆ ಹೊರಗಿನ ತರಬೇತಿ ಆಗಿರಬೇಕು. ನಾನು ಮಾತಾಡಿಸಿದ ಗಾರ್ಡುಗಳಲ್ಲಿ ಒಬ್ಬರು ‘ಟ್ರೇನಿಂಗಾ? ಯೂನಿಫಾರಂ ಅಳತೆ ತಗೊಂಡ್ರು ಸಾರ್’ ಅಂತ ನಕ್ಕರು. ಹನ್ನೆರಡು ಗಂಟೆ ಡ್ಯೂಟಿ. ರಿಲೀವರ್ ಬರದಿದ್ದರೆ ಇಪ್ಪತ್ನಾಲ್ಕು. ರಾತ್ರಿ ಗಂಟೆಗೊಮ್ಮೆ ಕಾಂಪೌಂಡ್ ಸುತ್ತಿ, ಗೋಡೆಯ ಮೇಲಿನ ಗುಂಡಿಗಳಿಗೆ ಒಂದು ಕೋಲಿನಂಥ ಯಂತ್ರ ತಾಗಿಸಿ ಬರಬೇಕು. ಸುತ್ತಿದ್ದು ಅದರಲ್ಲಿ ದಾಖಲಾಗುತ್ತದೆ. ಕಣ್ಣು ತೆರೆದಿತ್ತೋ ಇಲ್ಲವೋ ಅನ್ನುವುದು ದಾಖಲಾಗುವುದಿಲ್ಲ. ಮೇಲೆ ಹಾಕಿದ 5 ನಿಮಿಷದ ಲೆಕ್ಕ ನಿಂತಿರುವುದು ಇವರ ಕಾಲಿನ ಮೇಲೆ.

ಅವರ ಹತ್ತಿರ ಇರುವ ಆ ಅಂಚು ಮುದುಡಿದ ರಿಜಿಸ್ಟರ್ ಬಗ್ಗೆ ಒಂದು ಮಾತು ಉಳಿದಿದೆ. ಹೆಸರು, ಇನ್ ಟೈಮ್, ಔಟ್ ಟೈಮ್. ನಾವೆಲ್ಲ ಗೀಚಿ ಓಡುತ್ತೇವೆ, ಸುಮಾರು ಜನ ಔಟ್ ಟೈಮ್ ಬರೆಯುವುದೇ ಇಲ್ಲ. ಬೆಂಕಿಯೋ ಅನಿಲವೋ ಆಗಿ ಎಲ್ಲರೂ ಅಸೆಂಬ್ಲಿ ಪಾಯಿಂಟಿಗೆ ಓಡಿ ಬಂದಾಗ, ಒಳಗೆ ಇನ್ನೂ ಎಷ್ಟು ಜನ ಉಳಿದಿದ್ದಾರೆ ಅಂತ ಫೈರ್ ಇಂಜಿನ್ನಿನವರು ಮೊದಲು ಕೇಳುವುದು ಗೇಟಿನವರನ್ನು. ಅವರು ಆಗ ಬಿಡಿಸಿ ನೋಡುವುದು ಅದೇ ಪುಟವನ್ನು. ಪೀಣ್ಯದಲ್ಲಿ ಅವತ್ತು ನನ್ನನ್ನು ಅರ್ಧ ಗಂಟೆ ನಿಲ್ಲಿಸಿದ ಮನುಷ್ಯ, ಎಲ್ಲ ಮುಗಿದ ಮೇಲೆ ಗೇಟು ದಾಟಿದವನನ್ನು ವಾಪಸ್ ಕರೆದಿದ್ದ. ‘ಸಾರ್, ಔಟ್ ಟೈಮ್ ಹಾಕಿಲ್ಲ ನೀವು.’ ಆಗ ಕಿರಿಕಿರಿಯಾಗಿತ್ತು. ಹೋಗಿ 6.40 ಅಂತ ಬರೆದು ಬಂದೆ.